ಇಳಿಬೆಳಕು

ಆ ವರ್ಷ ನಮ್ಮ ಅಡುಗೆಮನೆಯಲ್ಲಿ ಬೆಳಗು ನೀಲಿಯಾಗಿರುತ್ತಿತ್ತು.

ಅತ್ತೆ ಬಸಲಿಂಗವ್ವ ಬೇಗ ಎದ್ದು, ಒಲೆ ಹೊತ್ತಿಸಿ, ಖಾನಾವಳಿಗಳಿಗೆ ಕೊಡುವ ಜೋಳದ ರೊಟ್ಟಿ ಬಡಿಯಲು ಕೂರುತ್ತಿದ್ದರು. ಪರಾತದಿಂದ ಹಿಟ್ಟಿನ ಪುಡಿ ಏಳುತ್ತಿತ್ತು. ಗೋಡೆಯ ಗೂಡಿನಲ್ಲಿಟ್ಟ ಮುಗಿಲಬುಡ್ಡಿಯ ಬೆಳಕು ಆ ಪುಡಿಯಲ್ಲಿ ತೇಲುತ್ತಿತ್ತು. ಅವರ ಬಡಿಯುವ ಕೈ, ಹೆಂಚು, ನನ್ನ ಚಹಾದ ಬಟ್ಟಲು, ಎಲ್ಲವೂ ಬಾವಿಯ ತಳದಲ್ಲಿರುವಂತೆ ಕಾಣುತ್ತಿದ್ದವು.

“ಬೆಳಕು ಚಲೋ ಐತವಾ,” ಎನ್ನುತ್ತಿದ್ದರು. “ರೊಟ್ಟಿ ತೆಳ್ಳಗ ಬರತಾವ. ನನ್ನ ಮಗಾ ಇನ್ನೂ ಉರಿಯಾಕತ್ತಾನ.”

ನಾನು ಚಹಾ ಕುಡಿದು, ಬಟ್ಟಲು ತೊಳೆದಿಟ್ಟು, ಗುಡ್ಡದ ಬಸ್ಸಿಗೆ ಹೋಗುತ್ತಿದ್ದೆ.

ಮುಗಿಲಬುಡ್ಡಿ ಈಗ ಎಲ್ಲರ ಮನೆಯಲ್ಲೂ ಇದೆ. ಅದು ಹೇಗೆ ಬಂತೆಂಬುದನ್ನು ಚಿಕ್ಕವರು ಮರೆತಿದ್ದಾರೆ. ನಾನು ಕನ್ನಡ ಶಾಲೆಯಲ್ಲಿದ್ದಾಗ, ನಮ್ಮದೇ ಆಕಾಶಗಂಗೆಯ ಅಂಚಿನಲ್ಲಿ ಒಂದು ನಕ್ಷತ್ರ ಕುಸಿಯಿತು. ಕುಸಿಯುವಾಗ ಅದು ಚಿಮ್ಮಿಸಿದ ಗಾಮಾ ಕಿರಣಗಳ ಧಾರೆ ಭೂಮಿಯ ಕಡೆಗಿತ್ತು. ಕೆಲವು ಕ್ಷಣಗಳ ಮಾತು. ಯಾರ ಕಣ್ಣಿಗೂ ಏನೂ ಕಾಣಲಿಲ್ಲ. ಆದರೆ ಮೇಲಿನ ಓಝೋನ್ ಪದರ ತೆಳ್ಳಗಾಗಿ, ಆ ಹಂಗಾಮಿನ ಹೆಸರುಕಾಳಿನ ಬೆಳೆ ಎಲೆಯಂಚಿನಿಂದ ಸುಟ್ಟುಕೊಂಡಿತು. ನಾವು ಕೈಗೆ ಬಟ್ಟೆ ಸುತ್ತಿಕೊಂಡು, ಬಿಸಿಲಿಗೆ ಛತ್ರಿ ಹಿಡಿದು ಶಾಲೆಗೆ ಹೋದೆವು. ಇನ್ನೊಂದು ಬಂದರೆ ಜನರಿಗೆ ಕೂಡಲೇ ತಿಳಿಯಲಿ ಎಂದು ಸರಕಾರ ಮನೆಗೊಂದು ದೀಪ ಕೊಟ್ಟಿತು. ಅದರ ಸರಕಾರಿ ಹೆಸರು ಗಾಮಾ ಸೂಚಕ. ಕಣ್ಣು ಕುಕ್ಕುವಂತೆ ಉರಿದರೆ ಮನೆಯೊಳಗೇ ಇರಬೇಕು.

ಮೇಲೆ ಸುತ್ತುವ ಉಪಗ್ರಹಗಳು ಇಂಥ ಕಿರಣಗಳ ಸಿಡಿತವನ್ನು ಹಿಡಿಯುತ್ತವೆ. ಗುಡ್ಡದ ಮೇಲೆ ನಾನು ಕೆಲಸ ಮಾಡುವ ಕೇಂದ್ರ ಅದನ್ನು ಬೆಳಕಾಗಿ ಬದಲಿಸಿ ಮನೆಮನೆಗೆ ಕಳಿಸುತ್ತದೆ. ಕಿರಣಗಳು ಹೆಚ್ಚು ಬಂದಷ್ಟೂ ದೀಪ ಪ್ರಖರ. ಒಂದೊಂದು ಕಿರಣದ ಶಕ್ತಿ ಹೆಚ್ಚಿದ್ದರೆ ನೀಲಿ, ಕಡಿಮೆಯಿದ್ದರೆ ಕೆಂಪು. ಇಷ್ಟೇ ಇದರ ಗುಟ್ಟು.

ಹತ್ತಿರದ್ದು ಮತ್ತೆ ಬರಲಿಲ್ಲ. ಬಂದವೆಲ್ಲ ಬಹಳ ದೂರದವು, ಕೆಲವು ಭೂಮಿ ಹುಟ್ಟುವ ಮೊದಲೇ ಹೊರಟವು. ಹೆಚ್ಚುಕಡಿಮೆ ದಿನಕ್ಕೊಂದು. ಜನ ಹೆದರುವುದನ್ನು ಬಿಟ್ಟು ನೋಡುವುದನ್ನು ಕಲಿತರು. ಅವು ಒಂದರಂತೆ ಒಂದಿಲ್ಲ. ಕೆಲವು ರೆಪ್ಪೆ ಬಡಿದಂತೆ ಮುಗಿಯುತ್ತವೆ. ಕೆಲವು ಏಳುತ್ತವೆ, ಇಳಿಯುತ್ತವೆ, ಮತ್ತೆ ಏಳುತ್ತವೆ. ಏಳುವುದು ಥಟ್ಟನೆ, ಇಳಿಯುವುದು ನಿಧಾನ. ಏರುವಾಗ ತುಸು ನಿಂತ ಜಾಗಕ್ಕೆ ಹೆಗಲು, ತುದಿಗೆ ನೆತ್ತಿ, ಇಳಿಯುವ ಭಾಗಕ್ಕೆ ಬಾಲ ಎನ್ನುತ್ತೇವೆ. ಇಳಿಯುವಾಗ ಬಣ್ಣವೂ ಇಳಿಯುತ್ತದೆ. ನೀಲಿ ಮೊದಲು ಹೋಗುತ್ತದೆ, ಆಮೇಲೆ ಬಿಳುಪು, ಆಮೇಲೆ ಹಳದಿ. ಕೆಂಪು ಎಲ್ಲಕ್ಕಿಂತ ತಡವಾಗಿ ಬಂದು ಎಲ್ಲಕ್ಕಿಂತ ತಡವಾಗಿ ಹೋಗುತ್ತದೆ.

ಇದನ್ನು ಸಾವಿಗೆ ಮೊದಲು ಜೋಡಿಸಿದವರು ಯಾರೋ ತಿಳಿಯದು. ಈಗ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಬುಡ್ಡಿಯ ಬುಡದಲ್ಲಿರುವ ತಿರುಪನ್ನು ತಿರುಗಿಸುತ್ತಾರೆ. ಆಮೇಲೆ ಬರುವ ಮೊದಲ ಸಿಡಿತ ಸತ್ತವರದು. ಅದೇ ಹೊತ್ತಿನಲ್ಲಿ ಸತ್ತ ಸಾವಿರಾರು ಜನರದೂ ಹೌದು. ಅದಕ್ಕೆ ಯಾರೂ ಜಗಳವಾಡುವುದಿಲ್ಲ. ಸಂಜೆಯ ಪ್ರಸಾರದಲ್ಲಿ ಕೇಂದ್ರ ಆ ಸಿಡಿತವನ್ನು ನಿಧಾನಗೊಳಿಸಿ, ಕ್ಷಣವನ್ನು ನಿಮಿಷವಾಗಿ ಹಿಗ್ಗಿಸಿ, ತಿರುಪು ತಿರುಗಿಸಿದ ಬುಡ್ಡಿಗಳಿಗೆ ಕಳಿಸುತ್ತದೆ. ಮನೆಯವರು ಸುತ್ತ ಕೂತು ನೋಡುತ್ತಾರೆ. ಅಲ್ಲಿಯ ತನಕ ಯಾರೂ ಅಳಬಾರದು. ಕೆಂಪು ಪೂರ್ತಿ ಆರಿದ ಮೇಲೆ ಒಂದು ರೊಟ್ಟಿ ಮುರಿದು ಎಲ್ಲರೂ ಬಾಯಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಅಳುತ್ತಾರೆ. ಇದಕ್ಕೆ ಇಳಿಬೆಳಕು ಎನ್ನುತ್ತಾರೆ.

ನನ್ನ ಗಂಡ ಗುರುಸಿದ್ಧನಿಗೆ ಇಳಿಬೆಳಕು ಆಗಲಿಲ್ಲ.

ಅವನು ಗಾಳಿಗಿರಣಿಗಳ ರಿಪೇರಿ ಮಾಡುತ್ತಿದ್ದ. ಗುಡ್ಡದ ತುಂಬ ಅವೇ. ನಮ್ಮ ಕಡೆ ಅವಕ್ಕೆ ಫ್ಯಾನು ಎನ್ನುತ್ತಾರೆ. ಕೇಂದ್ರದ ಕಿಟಕಿಯಲ್ಲಿ ನಿಂತರೆ ಅವನು ಯಾವ ಫ್ಯಾನಿನ ನೆತ್ತಿಯಲ್ಲಿದ್ದಾನೆಂದು ಕಾಣುತ್ತಿತ್ತು. ಒಂದು ಮಧ್ಯಾಹ್ನ ಗುಡ್ಡ ಇಳಿಯುವ ತಿರುವಿನಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು.

ಮಣ್ಣು ಮಾಡಿ ಬಂದ ಸಂಜೆ ನಡುಮನೆಯಲ್ಲಿ ಜನ ತುಂಬಿದ್ದರು. ಬುಡ್ಡಿಯನ್ನು ನಡುವೆ ಇಟ್ಟಿದ್ದರು. ತಾಟಿನಲ್ಲಿ ರೊಟ್ಟಿ ಇತ್ತು. ಬೆಳಕು ಎದ್ದಿತು. ಒಂದು ಹೆಗಲು, ಸ್ವಲ್ಪ ತಡೆದು ಇನ್ನೊಂದು ಹೆಗಲು, ಆಮೇಲೆ ನೆತ್ತಿ. ನೀಲಿ ಬಿಳುಪು. ಎಲ್ಲರ ಮುಖಗಳೂ ತೊಳೆದಿಟ್ಟ ಪಾತ್ರೆಗಳಂತೆ ಹೊಳೆದವು. ಅಲ್ಲಿಗೆ ನಿಂತಿತು. ನಾವು ಕಾದೆವು. ಅದು ಇಳಿಯಲೇ ಇಲ್ಲ.

ಕಾರಣ ನನಗೆ ಮರುದಿನ ತಿಳಿಯಿತು. ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಭೂಮಿಯ ಕಾಂತದ ಕವಚ ದುರ್ಬಲವಾಗಿದೆ. ಅಲ್ಲಿ ಹಾಯುವಾಗ ಕಣಗಳ ಮಳೆಗೆ ಸಿಕ್ಕಿ ಕೆಡದಿರಲಿ ಎಂದು ಉಪಗ್ರಹದ ಕಣ್ಣು ಮುಚ್ಚಿಸುತ್ತೇವೆ. ಸಿಡಿತ ನೆತ್ತಿ ಮುಟ್ಟಿದ ಗಳಿಗೆಯಲ್ಲೇ ಅದನ್ನು ನೋಡುತ್ತಿದ್ದ ಒಂದೇ ಉಪಗ್ರಹ ಅಲ್ಲಿಗೆ ಹೋಯಿತು. ಮಿಕ್ಕವು ಭೂಮಿಯ ಆ ಕಡೆಗಿದ್ದವು. ಉಳಿದರ್ಧವನ್ನು ಯಾರೂ ನೋಡಲಿಲ್ಲ.

ಬುಡ್ಡಿಯನ್ನು ಎಚ್ಚರಿಕೆಗಾಗಿ ಮಾಡಿದ್ದರಲ್ಲ. ಆದ್ದರಿಂದ ಸಂಪರ್ಕ ಕಡಿದರೆ ಅದು ಆರಕೂಡದು. ಆರಿದರೆ ಅಪಾಯ ಕಳೆಯಿತೆಂದು ಜನ ತಿಳಿಯುತ್ತಾರೆ. ಕೊನೆಗೆ ಕಂಡ ಬಣ್ಣವನ್ನೇ ಹಿಡಿದುಕೊಂಡು, ಉಳಿದದ್ದು ಬರುವ ತನಕ ಅದು ಕಾಯುತ್ತದೆ. ಬುಡದ ಗುಂಡಿ ಒತ್ತಿ ಆರಿಸಿಕೊಳ್ಳಬಹುದು ಎಂದು ಕೇಂದ್ರ ಆಮೇಲೆ ಸಾರಿತು. ಎಷ್ಟೋ ಮನೆಗಳಲ್ಲಿ ಒತ್ತಿದರು.

ಅತ್ತೆ ಒತ್ತಗೊಡಲಿಲ್ಲ. ಅಂದು ಹಿರಿಯರು ರೊಟ್ಟಿ ಮುರಿಯದೆ ಎದ್ದು ಹೋದ ಮೇಲೆ ಅವರು ಬುಡ್ಡಿಯನ್ನು ಎತ್ತಿ ಅಡುಗೆಮನೆಯ ಗೂಡಿನಲ್ಲಿಟ್ಟರು. “ಅಂವಗ ಇಳಿಯಾಕ ಮನಸಿಲ್ಲ,” ಎಂದರು. “ಇರವಲ್ಲ್ಯಾಕ.”

ನಾನೂ ಅಳಲಿಲ್ಲ. ಮೊದಲು ಅಳಬಾರದೆಂದು ಅಳಲಿಲ್ಲ. ಆಮೇಲೆ ಅಳು ಎಲ್ಲಿದೆಯೆಂದು ಗೊತ್ತಾಗಲಿಲ್ಲ.

ಕೇಂದ್ರದಲ್ಲಿ ನನ್ನ ಜೊತೆ ನದಾಫ ಎಂಬವರು ಕೆಲಸ ಮಾಡುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಎಲ್ಲದಕ್ಕೂ ಒಂದು ಚೇಷ್ಟೆಯ ಮಾತು ಇರಬೇಕು ಅವರಿಗೆ.

“ಮೇಡಂ, ಚಹಾ ಕುಡೀರಿ. ನಿಮ್ಮ ಮುಖಾ ನೋಡಿ ಅದೂ ತಣ್ಣಗಾಗಾಕತ್ತೇತಿ.”

ಕುಡಿದೆ.

ಅವರೇ ಒಮ್ಮೆ ಬಾಗಿಲು ಮುಂದೆ ಮಾಡಿ ಹೇಳಿದ್ದರು: “ಸೂತ್ರ ಐತಲ್ರಿ. ಇಳಿಯೂದು ಹೆಂಗ ಇಳೀತೈತಿ ಅಂತ ನಮಗ ಗೊತ್ತೈತಿ. ಉಳದ ಬಾಲಾ ನಾವ ಬರದು ಕಳಸಿಬಿಡೂಣು. ಎಷ್ಟ ಮನ್ಯಾಗ ಜನಾ ಕುಂತಾರ. ಯಾರಿಗೆ ತಿಳೀಬೇಕು?”

ಬರೆದು ನೋಡಿದ್ದೆ. ಸೂತ್ರಕ್ಕೆ ನೆತ್ತಿಯ ಅಳತೆ ಕೊಟ್ಟರೆ ಬಾಲ ತಾನೇ ಹೊರಬಂತು. ಚೆಂದವಾಗಿತ್ತು. ಎಲ್ಲೂ ತಡವರಿಸದೆ ನೀಲಿಯಿಂದ ಕೆಂಪಿಗೆ ಜಾರುವ ಗೆರೆ. ಅದು ಯಾರದಾದರೂ ಆಗಬಹುದಾದ ಬಾಲ. ಅಳಿಸಿಬಿಟ್ಟೆ.

“ಬ್ಯಾಡ್ರಿ ಸರ್,” ಎಂದೆ.

“ಬ್ಯಾಡಾದ್ರ ಬಿಡ್ರಿ,” ಎಂದರು. ಮತ್ತೆ ಆ ಮಾತು ತೆಗೆಯಲಿಲ್ಲ.

ಆದರೆ ಫೋನು ಬರುತ್ತಿತ್ತು. ಕಾರಟಗಿಯಿಂದ ಒಬ್ಬ ಹೆಂಗಸು ಪ್ರತಿ ಸೋಮವಾರ ಮಾಡುತ್ತಿದ್ದಳು. ಅವಳ ತಂದೆಯೂ ಗುರುಸಿದ್ಧ ಹೋದ ದಿನವೇ ಸತ್ತಿದ್ದ.

“ಉಳದದ್ದು ಸಿಕ್ಕತೇನ್ರಿ?”

“ಇಲ್ಲವ್ವಾ.”

“ಬುಡ್ಡಿ ಮ್ಯಾಲ ಬುಟ್ಟಿ ಬೋರಲ ಹಾಕಿ ಮಲಗತೀವ್ರಿ. ಬುಟ್ಟೀ ಸಂದ್ಯಾಗಿಂದ ಬೆಳಕು ಬರತೈತಿ. ನಮ್ಮ ತಾಯಿ ನಿದ್ದಿ ಮಾಡವಲ್ಲಳ್ರಿ.”

“ಬುಡದಾಗ ಗುಂಡಿ ಐತಿ. ಅದನ್ನ ಒತ್ತಿದ್ರ…”

“ಅದ ಗೊತ್ತೈತ್ರಿ. ಒತ್ತಿದ್ರ ನಾನ ಆರಿಸಿದಂಗ ಆಗತೈತಲ್ರಿ.”

ಅವಳು ಕೊನೆಗೆ “ಆತ್ರಿ, ಮುಂದಿನ ವಾರ ಮಾಡತೀನ್ರಿ,” ಎಂದು ಇಡುತ್ತಿದ್ದಳು.

ಹೀಗಿರುವಾಗ, ಚಳಿಗಾಲದ ಒಂದು ಮುಂಜಾನೆ, ಬಸ್ಸಿಗೆ ಹೊರಟವಳಿಗೆ ಪಕ್ಕದ ಮನೆಯ ತಿರಕಪ್ಪಜ್ಜ ತೀರಿಕೊಂಡ ಸುದ್ದಿ ಬಂತು. ಅವನ ಹೆಂಡತಿ ದ್ಯಾಮವ್ವ ಬಾಗಿಲಲ್ಲಿ ನಿಂತಿದ್ದಳು. “ತಿರುಪು ತಿರುವೀನವಾ,” ಎಂದಳು. “ಚಲೋದೊಂದು ನೋಡಿ ಕಳಸು.”

ನಾವು ಆರಿಸಿ ಕಳಿಸುವುದಿಲ್ಲ. ಆದರೂ ಹೂಂ ಎಂದೆ.

ಗುಡ್ಡದ ಮೇಲೆ ಮಂಜು ಇತ್ತು. ಫ್ಯಾನುಗಳ ಕಂಬ ಕಾಣುತ್ತಿರಲಿಲ್ಲ, ರೆಕ್ಕೆಗಳಷ್ಟೇ ಕಾಣುತ್ತಿದ್ದವು. ಯಾರೋ ಮಂಜಿನೊಳಗೆ ನಿಂತು ನಿಧಾನವಾಗಿ ಕೈ ಬೀಸುತ್ತಿರುವಂತೆ. ನಾನು ಒಳಗೆ ಬಂದು ಕೂತೆ. ಬಿಸಿಲು ಏರುವ ಹೊತ್ತಿಗೆ ಸಿಡಿತ ಬಂತು. ಪರದೆಯ ಮೇಲೆ ಗೆರೆ ಎದ್ದಿತು.

ಒಂದು ಹೆಗಲು. ಸ್ವಲ್ಪ ತಡೆದು ಇನ್ನೊಂದು ಹೆಗಲು. ಆಮೇಲೆ ನೆತ್ತಿ.

ನಾನು ಪರದೆ ನಿಲ್ಲಿಸಿದೆ.

“ಯಾಕ್ರಿ?” ಎಂದರು ನದಾಫ. “ಇದು ಹೊಸಾ ಸಿಡಿತಾ ಅಂತ ಯಂತ್ರ ಹೇಳೇತಲ್ರಿ.”

“ಯಂತ್ರಕ್ಕ ಪೂರ್ತಿ ಸಿಡಿತಾ ಹೋಲಿಸಾಕ ಬರತೈತಿ. ಅರ್ಧಾ ಅಲ್ಲ.”

ಗುರುಸಿದ್ಧನ ಹಳೆಯ ಅರ್ಧ ಗೆರೆಯನ್ನು ತೆಗೆದು ಹೊಸದರ ಮೇಲಿಟ್ಟೆ. ಹೊಸದು ಮಂಕು. ಹಳೆಯದರ ಮೂರರಲ್ಲಿ ಒಂದು ಪಾಲಿನಷ್ಟು. ಮೂರು ಪಟ್ಟು ಮಾಡಿದಾಗ ಎರಡೂ ಕೂಡಿಕೊಂಡವು. ನೀಲಿಯ ಗೆರೆ ನೀಲಿಯ ಮೇಲೆ ಕೂತಿತು. ಕೆಂಪಿನ ಗೆರೆ, ಅದೇ ತಡದೊಂದಿಗೆ, ಕೆಂಪಿನ ಮೇಲೆ ಕೂತಿತು. ಒಂದು ಬಣ್ಣದಲ್ಲೂ ಪಟ್ಟು ಬದಲಾಗಲಿಲ್ಲ.

ಸಿಡಿತಗಳಿಗೆ ಜೋಡಿ ಇರುವುದಿಲ್ಲ. ಹೀಗೆ ಆಗುವುದು ಒಂದೇ ದಾರಿಯಲ್ಲಿ. ಆ ನಕ್ಷತ್ರಕ್ಕೂ ನಮಗೂ ನಡುವೆ ಒಂದು ಭಾರಿ ಗೆಲಾಕ್ಸಿ ಇರಬೇಕು. ಅದರ ಗುರುತ್ವ ಬೆಳಕಿನ ದಾರಿಯನ್ನು ಬಾಗಿಸುತ್ತದೆ. ಗೆಲಾಕ್ಸಿಯ ಒಂದು ಪಕ್ಕದಿಂದ ಬಂದ ಬೆಳಕು ನಮ್ಮನ್ನು ಮೊದಲು ಮುಟ್ಟಿತು. ಇನ್ನೊಂದು ಪಕ್ಕದಿಂದ ಹೊರಟದ್ದು ಸುತ್ತು ದಾರಿಯಲ್ಲಿ, ತಿಂಗಳುಗಳಷ್ಟು ತಡವಾಗಿ, ಮಂಕಾಗಿ ಬಂದು ಮುಟ್ಟಿತು. ಗುರುತ್ವ ಬಣ್ಣಗಳಲ್ಲಿ ಭೇದ ಮಾಡುವುದಿಲ್ಲ. ನೀಲಿಯನ್ನೂ ಕೆಂಪನ್ನೂ ಒಂದೇ ಸಮನೆ ಬಾಗಿಸುತ್ತದೆ. ಆದ್ದರಿಂದಲೇ ಗುರುತು ಸಿಕ್ಕಿತು.

ನದಾಫ ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು.

“ಈ ಸರ್ತಿ ಉಪಗ್ರಹ ಎಲ್ಲಿತ್ತರಿ?”

“ಅರಬ್ಬೀ ಸಮುದ್ರದ ಮ್ಯಾಲ. ಕಣ್ಣ ತೆರಕೊಂಡಿತ್ತು.”

“ಹಂಗಾರ ಬಾಲಾ ಐತಿ.”

“ಐತ್ರಿ.”

ನಿಲ್ಲಿಸಿದ ಪರದೆಯ ಆಚೆ ಅದು ಇತ್ತು. ಒಂದು ಗುಂಡಿ ಒತ್ತಿದರೆ ಕಾಣುತ್ತಿತ್ತು. ನಾನು ಒತ್ತಲಿಲ್ಲ.

ಇದೊಂದು ಹೊಸ ಸಿಡಿತ ಎಂದು ಬಿಟ್ಟರೆ ಅದು ತಿರಕಪ್ಪಜ್ಜನದಾಗಿ, ಇಂದು ಸತ್ತ ಉಳಿದವರದಾಗಿ ಹೋಗುತ್ತದೆ. ನಮ್ಮ ಅಡುಗೆಮನೆ ನೀಲಿಯಾಗಿಯೇ ಇರುತ್ತದೆ. ಹಳೆಯದೇ ಎಂದು ದಾಖಲಿಸಿದರೆ, ಸಂಜೆಯ ಪ್ರಸಾರದಲ್ಲಿ ಇಂದಿನವರಿಗೆ ಪೂರ್ತಿ ಸಿಡಿತ ಹೋಗುವುದರ ಜೊತೆಗೆ, ಅದರ ಬಾಲ ಅಂದಿನಿಂದ ಕಾಯುತ್ತಿರುವ ಎಲ್ಲ ಬುಡ್ಡಿಗಳಿಗೂ ಹೋಗುತ್ತದೆ. ಬುಟ್ಟಿಯ ಕೆಳಗಿನದಕ್ಕೂ. ರೊಟ್ಟಿಯ ಒಲೆಯ ಮೇಲಿನ ಗೂಡಿನದಕ್ಕೂ.

“ಏನ ಮಾಡಬೇಕಂತ ನಾ ಹೇಳಲೇನು?” ಎಂದರು ನದಾಫ. ಚೇಷ್ಟೆ ಇರಲಿಲ್ಲ.

“ಬ್ಯಾಡ್ರಿ.”

“ನಿಮ್ಮತ್ತಿ ತಡಕೊಳ್ಳತಾರೇನ್ರಿ?”

“ಗೊತ್ತಿಲ್ರಿ.”

ದಾಖಲಿಸಿದೆ. ಬೆಳಕನ್ನು ಮೂರು ಪಟ್ಟು ಮಾಡಲು ನದಾಫರಿಗೆ ಹೇಳಿದೆ. ಗುರುತ್ವ ಕಸಿದುಕೊಂಡದ್ದು ಪ್ರಖರತೆಯೊಂದನ್ನೇ, ಅದನ್ನು ಮರಳಿ ಕೊಡುವುದು ಸುಳ್ಳಾಗುವುದಿಲ್ಲ. ಆಮೇಲೆ ಅರ್ಧ ದಿನದ ರಜೆ ಹಾಕಿ ಗುಡ್ಡ ಇಳಿದೆ. ಬಸ್ಸು ಆ ತಿರುವು ದಾಟುವಾಗ ಎಂದಿನಂತೆ ಇನ್ನೊಂದು ಕಡೆಯ ಕಿಟಕಿಯಲ್ಲಿ ನೋಡಿದೆ.

ಮನೆಗೆ ಬಂದಾಗ ಅಜ್ಜನ ಮಣ್ಣು ಮುಗಿದಿತ್ತು. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಸೊಂಟದೆತ್ತರದ ಗೋಡೆ. ಆ ಕಡೆ ದ್ಯಾಮವ್ವ ಒಬ್ಬಳೇ ಕಲ್ಲಿನ ಮೇಲೆ ಕೂತಿದ್ದಳು. ಒಳಗೆ ಬಂಧುಗಳ ಸದ್ದು ಕೇಳುತ್ತಿತ್ತು. ಈ ಕಡೆ ಅತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು.

“ಬಂದ್ಯಾ?” ಎಂದಳು ದ್ಯಾಮವ್ವ. “ಹೆಂಗೈತಿ ನಮ್ಮ ಹಿರಿಯಾಂದು? ಉದ್ದ ಐತೇನು?”

“ಉದ್ದ ಐತ್ರಿ ಅಜ್ಜಿ,” ಎಂದೆ. ಬಾಲ ನೋಡಿರದಿದ್ದರೂ ಅದರ ಅವಧಿಯ ಅಂಕಿ ಕಂಡಿತ್ತು.

“ಇರಬೇಕ ಬಿಡು. ಮಾತೂ ಹಂಗ ಇದ್ದವು. ಮುಗೀತಿದ್ದಿಲ್ಲ.”

ನಾನು ಅತ್ತೆಯ ಎದುರು ಕೂತೆ. ಹೇಗೆ ಶುರು ಮಾಡಬೇಕೆಂದು ಬಸ್ಸಿನಲ್ಲಿ ಯೋಚಿಸಿದ್ದೆಲ್ಲ ಮರೆತಿತ್ತು. ಇದ್ದುದನ್ನು ಇದ್ದ ಹಾಗೆ ಹೇಳಿದೆ. ಒಂದೇ ಬೆಳಕು, ಎರಡು ದಾರಿ. ಅಂದು ಅರ್ಧ ಕಂಡದ್ದು ಇಂದು ಪೂರ್ತಿ ಬಂದಿದೆ ಎಂದೆ.

ಅತ್ತೆಯ ಕೈ ನಿಂತಿತು. “ಅಂದ್ರ, ಅಂವ ತಿರಗಿ ಬಂದಾನೇನು?”

“ಇಲ್ರಿ ಅತ್ತಿ. ಆಗ ಹೊಂಟ ಬೆಳಕ ಈಗ ಮುಟ್ಟೇತಿ.”

“ಸಂಜೀಕ ಏನಾಗತೈತಿ?”

“ಇಳೀತೈತ್ರಿ.”

ಅವರು ಒಂದು ಮೆಣಸಿನಕಾಯಿ ಎತ್ತಿಕೊಂಡರು. ತೊಟ್ಟು ಬಿಡಿಸದೆ ಕೆಳಗಿಟ್ಟರು.

“ಇಷ್ಟು ದಿನಾ ನನ್ನ ಜೋಡಿ ಕುಂತ ಅದರ ಬೆಳಕಿನ್ಯಾಗ ಚಹಾ ಕುಡದಿ,” ಎಂದರು. “ಮ್ಯಾಲ ಗುಡ್ಡದಾಗ ಕುಂತು ಅವನ್ನ ಆರಸೂದು ಹೆಂಗ ಅಂತ ಹುಡಕಾಕತ್ತಿದ್ದೇನು?”

ಅವರು ಕೆಳಗಿಟ್ಟ ಮೆಣಸಿನಕಾಯಿಯ ತೊಟ್ಟನ್ನು ನಾನು ಬಿಡಿಸಿದೆ.

“ಅದು ಅವಂದಲ್ಲ. ತಿರಕಪ್ಪಂದು. ಇವತ್ತ ಸತ್ತಾಂವಂದು. ಪಾಪ, ಆ ಮುದುಕಂದು ಕಸಗೊಂಡು ನನ್ನ ಮಗಗ ಹಚ್ಚಬ್ಯಾಡ. ದ್ಯಾಮವ್ವಾ, ನೀನ ಹೇಳು. ನಿಂದು ನೀ ಬಿಟ್ಟು ಕೊಡತೀ ಏನು?”

ದ್ಯಾಮವ್ವ ಗೋಡೆಯ ಮೇಲೆ ಗದ್ದ ಊರಿ ಎಲ್ಲ ಕೇಳಿಸಿಕೊಂಡಿದ್ದಳು.

“ಬಿಟ್ಟು ಕೊಡೂದು ಯಾಕ? ಇಬ್ಬರಿಗೂ ಇರಲಿ,” ಎಂದಳು. “ನನ್ನ ಮುದುಕಾ ಹಾಲಿನ ಡೇರಿಗೆ ಹೋದ್ರ ಮನೀ ದಾರಿ ಮರೀತಿದ್ದ. ಯಾರರ ಕೈ ಹಿಡದು ಕರಕೊಂಡ ಬರಬೇಕಿತ್ತು. ಗುರುಸಿದ್ದ ಜೋಡಿ ಇದ್ರ ನನಗೂ ಒಂದ ಧೈರ್ಯ.”

ಅತ್ತೆ ಅವಳ ಕಡೆ ನೋಡಲಿಲ್ಲ.

“ಇಳಿಯಲಾರದಂಗ ಮಾಡಾಕ ಬರತೈತಿ,” ಎಂದೆ. “ಮಾಳಗಿ ಮ್ಯಾಲ ಬುಡ್ಡೀ ತಂತಿ ಐತಲ್ರಿ. ಅದನ್ನ ಕಿತ್ತರ ನಮ್ಮನಿಗೆ ಬಾಲಾ ಬರೂದಿಲ್ಲ. ಬುಡ್ಡಿ ಹಿಂಗ ಇರತೈತಿ. ನೀವು ಇರೂ ಮಟಾ ಇರತೈತಿ. ಕಿತ್ತರ ನಾ ಏನೂ ಅನ್ನೂದಿಲ್ರಿ.”

“ನೀ ಏನಂತೀ?”

“ನನಗ ಗೊತ್ತಾಗೂದಿಲ್ರಿ.”

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಮಗ ಸತ್ತ ಮೇಲೆ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು ಎನಿಸಿತು. ಆಮೇಲೆ ಎದ್ದು ಸೆರಗು ಕೊಡವಿಕೊಂಡು ಒಳಗೆ ಹೋದರು.

ಮಧ್ಯಾಹ್ನ ಉದ್ದವಾಗಿತ್ತು. ನಾನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದೆ. ನಿದ್ದೆ ಬಂತೋ ಇಲ್ಲವೋ ಗೊತ್ತಾಗಲಿಲ್ಲ. ಗಾಳಿ ಬೀಸುತ್ತಿತ್ತು. ನಾನು ಯಾವುದೋ ಎತ್ತರದಲ್ಲಿದ್ದೆ, ಕೆಳಗೆ ಸಮುದ್ರವಿತ್ತು, ಯಾರೋ ನನ್ನ ಕಣ್ಣು ಮುಚ್ಚಿಸುತ್ತಿದ್ದರು. ಮುಚ್ಚಬೇಡಿ ಎಂದು ಹೇಳಲು ಬಾಯಿ ಏಳಲಿಲ್ಲ. ತಲೆಯ ಮೇಲೆ ಮಾಳಿಗೆಯಲ್ಲಿ ಹೆಜ್ಜೆ ಸಪ್ಪಳವಾಯಿತು. ಆ ಕಡೆಯಿಂದ ಈ ಕಡೆಗೆ ಬಂತು, ನಿಂತಿತು. ಮೆಟ್ಟಿಲು ಇಳಿಯಿತು. ಮತ್ತೆ ಯಾವಾಗಲೋ ಹತ್ತಿತು. ನಾನು ಎದ್ದು ನೋಡಲಿಲ್ಲ.

ಹೊತ್ತು ಇಳಿಯುವಾಗ ಅತ್ತೆ ಒಲೆ ಹೊತ್ತಿಸಿದರು. ರಾತ್ರಿಯ ಗಿರಾಕಿಗಳ ರೊಟ್ಟಿ ಬಡಿದರು. ಖಾನಾವಳಿಯವನು ಬಂದು ಒಯ್ದ. ಒಂದು ರೊಟ್ಟಿಯನ್ನು ಅವರು ಬೇರೆ ತಾಟಿನಲ್ಲಿ ಇಟ್ಟುಕೊಂಡದ್ದನ್ನು ನೋಡಿದೆ. ಅದು ನಮಗೋ, ದ್ಯಾಮವ್ವನ ಮನೆಗೋ, ಸುಮ್ಮನೆ ಮಿಕ್ಕದ್ದೋ ತಿಳಿಯಲಿಲ್ಲ. ಉರಿ ತೆಗೆದು ಕೆಂಡ ಬಿಟ್ಟರು. ಗಾಳಿಗೆ ಧೂಳು ನುಗ್ಗುತ್ತದೆಂದು ಹಿತ್ತಿಲ ಬಾಗಿಲು ಹಾಕಿದರು. ಒಲೆಯ ಮುಂದೆ ಕೂತರು. ನಾನು ಗೋಡೆಗೆ ಆತು ಕೂತೆ.

ಪಕ್ಕದ ಮನೆ ಒಮ್ಮೆಲೇ ಸುಮ್ಮನಾಯಿತು. ಅಲ್ಲಿ ಶುರುವಾಗಿತ್ತು. ಅವರ ಬುಡ್ಡಿಯಲ್ಲಿ ಈಗ ಮೊದಲ ಹೆಗಲು. ಈಗ ಎರಡನೆಯದು. ನಮ್ಮದು ನೆತ್ತಿಯ ಆಚೆಯದಕ್ಕೆ ಕಾಯುತ್ತಿದ್ದ ಬುಡ್ಡಿ. ಬಾಲ ಬರುವ ತನಕ ಅದರಲ್ಲಿ ಏನೂ ಬದಲಾಗುವುದಿಲ್ಲ. ನೀಲಿ ಬಿಳುಪು ಗೂಡಿನಲ್ಲಿ ಎಂದಿನಂತೆ ನಿಂತಿತ್ತು. ಈಗ ನೆತ್ತಿ ಮುಟ್ಟಿರಬೇಕು ಎಂದುಕೊಂಡೆ. ಈಗ ದಾಟಿರಬೇಕು. ಗೂಡಿನಲ್ಲಿ ಏನೂ ಆಗಲಿಲ್ಲ.

ತಂತಿ ಕಿತ್ತಿದ್ದಾರೆ ಎಂದುಕೊಂಡೆ. ಸಿಟ್ಟೂ ಬರಲಿಲ್ಲ, ಸಮಾಧಾನವೂ ಆಗಲಿಲ್ಲ.

ಆಗ ನೀಲಿ ತುಸು ಅಲುಗಿತು.

ಮೊದಲು ನನ್ನ ಕಣ್ಣೇ ಮಂಜಾಯಿತೇನೋ ಎನಿಸಿತು. ಗೋಡೆಯ ಮೇಲಿನ ಬಿಳುಪು ಹಾಲಿನ ಹಾಗೆ ಬೆಚ್ಚಗಾಗುತ್ತ ಬಂತು. ಪರಾತದ ಅಂಚು, ಅತ್ತೆಯ ಬಳೆ, ನೀರಿನ ಕೊಡ, ಇವೆಲ್ಲ ಬಾವಿಯ ತಳದಿಂದ ಒಂದೊಂದಾಗಿ ಮೇಲೆ ಬಂದವು. ಇಷ್ಟು ದಿನ ಅವಕ್ಕೆ ಬಣ್ಣವಿದ್ದುದನ್ನೇ ನಾನು ಮರೆತಿದ್ದೆ. ಕೊಡ ಹಿತ್ತಾಳೆಯದು.

“ಕಿತ್ತಿದ್ದೆ,” ಎಂದರು ಅತ್ತೆ. ಗೂಡಿನಿಂದ ಕಣ್ಣು ತೆಗೆಯಲಿಲ್ಲ.

“ಮತ್ತ?”

“ಗಾಳಿಗೆ ಒಂದ ಸವನ ಹೊಯ್ದಾಡಾಕತ್ತಿತ್ತು ತಂತಿ. ಎಲ್ಲೂ ಹತ್ತವಲ್ದು, ಬೀಳವಲ್ದು. ಕೆಳಗಿಂದ ಕಾಣತಿತ್ತು. ನೋಡಾಕ ಆಗಲಿಲ್ಲ. ಹೋಗಿ ಹಚ್ಚಿ ಬಂದೆ.”

ಹಳದಿ ಬಂತು. ಮಂಕಾಗುತ್ತ ಹೋಯಿತು. ಸೂತ್ರದ ಪ್ರಕಾರ ಇನ್ನು ಕೆಂಪು, ಆಮೇಲೆ ಕತ್ತಲು. ನಾನು ಅದನ್ನೇ ಕಾಯುತ್ತಿದ್ದೆ.

ಬುಡ್ಡಿ ಥಟ್ಟನೆ ಎದ್ದಿತು.

“ಎದ್ದ!” ಎಂದರು ಅತ್ತೆ. “ಎದ್ದ ನೋಡ!” ಕೈಯೂರಿ ಅರ್ಧ ಮೇಲೆದ್ದರು.

ಬೆಳಕು ಗೋಡೆಯುದ್ದಕ್ಕೂ ಹರಡಿ ನಮ್ಮಿಬ್ಬರ ಮೇಲೆ ಬಿತ್ತು. ಮೊದಲಿನ ನೀಲಿ ಅಲ್ಲ. ಅದರ ನೆನಪಿನಂಥದ್ದು. ನಾನು ಬರೆದು ಅಳಿಸಿದ ಗೆರೆಯಲ್ಲಿ ಇದು ಇರಲಿಲ್ಲ. ಯಾರ ಸೂತ್ರದಲ್ಲೂ ಇರಲು ಸಾಧ್ಯವಿರಲಿಲ್ಲ. ಇದು ಆ ಒಂದು ಸಿಡಿತದ್ದೇ. ಕೋಣೆಯಿಂದ ಹೊರಟವನು ಏನೋ ಹೇಳಲು ಮತ್ತೆ ಬಾಗಿಲಲ್ಲಿ ಮುಖ ಹಾಕಿದಂತೆ. ಅವನು ಹಾಗೆ ಮಾಡುತ್ತಿದ್ದ. ಹೇಳುವುದು ಏನೂ ಇರುತ್ತಿರಲಿಲ್ಲ.

ಅತ್ತೆ ಅಲ್ಲೇ ನಿಂತರು. ಬೆಳಕು ಅವರ ಮುಖದ ಮೇಲಿಂದ ಇಳಿಯತೊಡಗಿತು. ಬಿಳುಪು ಹಣೆಯಿಂದ ಹೋಯಿತು. ಹಳದಿ ಕೆನ್ನೆಯಲ್ಲಿ ಸ್ವಲ್ಪ ಹೊತ್ತು ಇತ್ತು. ಅವರು ನಿಧಾನವಾಗಿ ಕೂತರು. ನಾನು ಜರುಗಿ ಅವರ ಪಕ್ಕ ಕೂತೆ. ಕೆಂಪು ಬಂತು.

ಕೆಂಪು ಬಹಳ ಹೊತ್ತು ಇತ್ತು. ಒಲೆಯಲ್ಲಿ ಕೆಂಡವೂ ಅದೇ ಕೆಂಪಾಗಿತ್ತು. ಗೂಡಿನ ಬುಡ್ಡಿಯ ಗಾಜಿನಲ್ಲಿ ಒಲೆ ಕಾಣುತ್ತಿತ್ತೋ, ಒಲೆಯ ಬೂದಿಯ ಮೇಲೆ ಗೂಡಿನ ಬೆಳಕು ಬೀಳುತ್ತಿತ್ತೋ, ನಾನು ನೋಡುತ್ತ ನೋಡುತ್ತ ಎರಡೂ ಒಂದಾದವು. ಎಷ್ಟೋ ಸಿಡಿತಗಳ ಕೊನೆಯನ್ನು ನಾನು ಅಳೆದಿದ್ದೇನೆ. ಎಲ್ಲಿ ಬೆಳಕು ಮುಗಿದು ಬರೀ ಹಿನ್ನೆಲೆ ಉಳಿಯುತ್ತದೆಂದು ಗೆರೆ ಹಾಕುವುದು ನನ್ನ ಕೆಲಸ.

“ಆರಿತೇನು?” ಎಂದರು ಅತ್ತೆ.

“ಗೊತ್ತಾಗವಲ್ದ್ರಿ.”

“ಸರಿಯಾಗಿ ನೋಡು.”

“ನೋಡಾಕತ್ತೀನ್ರಿ. ಒಲೀದೋ ಅದರದೋ ತಿಳೀವಲ್ದು.”

ಆಗ ಗೋಡೆಯಾಚೆ ದ್ಯಾಮವ್ವ ಅಳತೊಡಗಿದಳು. ಮೊದಲು ಅವಳೊಬ್ಬಳ ದನಿ. ಆಮೇಲೆ ಎಲ್ಲರದು.

ಅತ್ತೆ ಕೇಳಿಸಿಕೊಂಡು ಕೂತರು. ಕೆಂಡದ ಮೇಲೆ ಬೂದಿ ಮುಚ್ಚುತ್ತಿತ್ತು.

“ಲೈಟ್ ಹಚ್ಚಲೇನ್ರಿ?” ಎಂದೆ. ನನ್ನ ದನಿ ನನಗೆ ದೂರದಿಂದ ಬಂದಂತಿತ್ತು.

“ಎಲ್ಲೀ ಲೈಟು? ಬಲ್ಬ್ ಸುಟ್ಟು ಎಷ್ಟೋ ದಿನಾ ಆತು. ನಾವು ನೋಡೇ ಇಲ್ಲ. ಕುಂದರು.”

ತಾಟು ಸರಿದ ಸದ್ದಾಯಿತು. ರೊಟ್ಟಿ ಮುರಿಯಿತು. ಕತ್ತಲಲ್ಲಿ ಅವರ ಕೈ ನನ್ನ ಬಾಯಿ ಹುಡುಕುತ್ತ ಬಂತು. ಮೊದಲು ಭುಜ ಸಿಕ್ಕಿತು, ಆಮೇಲೆ ಕೆನ್ನೆ. ಕೆನ್ನೆಯ ಮೇಲೆ ಬೆರಳು ನಿಂತಿತು. ಅದು ತೊಯ್ದಿದೆಯೆಂದು ನನಗೆ ತಿಳಿದದ್ದು ಅವರ ಬೆರಳಿನಿಂದ.

“ತಿನ್ನು,” ಎಂದರು. “ತಿಂದು ಅಳು.”